ಪಂಡಿತರ ಪಟ್ಟಿ

ಕಂಡ ವಸ್ತುಗಳಲ್ಲಿ ಇದು ಮೇಲು, ಅದು ಕೀಳು ಎಂದು ತಾರತಮ್ಯವನ್ನು ಎಣಿಸುವುದು ಮನುಷ್ಯನಿಗೆ ಸಹಜವಾದುದು. ಹಿಂದಿನ ಸಂಸ್ಕೃತ ಪಾಠಶಾಲೆಗಳಲ್ಲಿ ಕಾಳಿದಾಸನು ದೊಡ್ಡವನೋ ಭಾರವಿಯು ದೊಡ್ಡವನೋ, ಮಾಘನಿಗೆ ಎಷ್ಟನೆಯ ಪೀಠವು ಸಲ್ಲಬೇಕು ಎಂಬ ವಾದದಲ್ಲಿ ಊಟದ ಹೊತ್ತು ಮೀರಿಹೋಗುತ್ತಿದ್ದುದುಂಟು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಭಾಗವತರೊಳಗೆ ಯಾರು ಮೇಲು, ತಾಳಮದ್ದಳೆಯಲ್ಲಿ ವಾಲಿಯ ಅರ್ಥಕ್ಕೆ ಯಾರು, ಕೃಷ್ಣನ ಅರ್ಥಕ್ಕೆ ಯಾರು ಎಂಬ ಚರ್ಚೆಯು ಅಡಿಕೆ ಸುಲಿಯುವ ಜಗಲಿಯ ಮೇಲೆ ಇಂದಿಗೂ ನಿಂತಿಲ್ಲ. ಹೀಗೆ ಎಣಿಸುವವನು ತಾನು ವಸ್ತುವಿನ ಬೆಲೆಯನ್ನು ಕಟ್ಟುತ್ತಿರುವೆನೆಂದೇ ತಿಳಿದಿರುತ್ತಾನೆ. ಆ ಲೆಕ್ಕದಲ್ಲಿ ತನ್ನ ಬೆಲೆಯೂ ಸೇರಿದೆಯೆಂಬುದು ಅವನಿಗೆ ಬಹುಕಾಲ ಹೊಳೆಯುವುದಿಲ್ಲ. ನೆಲ್ಯಾಡಿಯ ಕನ್ನಡ ಪಂಡಿತರೊಬ್ಬರು ಬರೆದಿಟ್ಟ ಚಲಚ್ಚಿತ್ರಗಳ ಪಟ್ಟಿಯ ಕಥೆಯು ಇಂತಹುದು.

ನೆಲ್ಯಾಡಿಯು ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಉಪ್ಪಿನಂಗಡಿಯನ್ನು ದಾಟಿದ ಮೇಲೆ, ಶಿರಾಡಿ ಘಾಟಿಯನ್ನು ಸೇರುವುದಕ್ಕೆ ಮೊದಲು ಸಿಕ್ಕುವ ಊರು. ಅಂದು ಅದು ಪುತ್ತೂರು ತಾಲೂಕಿಗೆ ಸೇರಿದ್ದಿತು. ಈಗ ಕಡಬ ತಾಲೂಕಿನಲ್ಲಿದೆ. ಅಡಿಕೆತೋಟದ ಹಳೆಯ ಮನೆತನಗಳ ಜೊತೆಯಲ್ಲಿ, ಕೇರಳದ ಕಡೆಯಿಂದ ಬಂದು, ಗುಡ್ಡಗಳನ್ನು ಹಸನುಮಾಡಿ, ಮರಗೆಣಸನ್ನೂ ರಬ್ಬರನ್ನೂ ಬೆಳೆದ ಕ್ರೈಸ್ತ ಕೃಷಿಕರ ಮನೆಗಳೂ ಇಲ್ಲಿ ಬಹಳ. ತುಳು, ಕನ್ನಡ, ಮಲಯಾಳಗಳು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಶಾಲೆಯ ಬೆಂಚಿನ ಮೇಲೆ ಈ ಮನೆಗಳ ಮಕ್ಕಳೆಲ್ಲರೂ ಒತ್ತಾಗಿ ಕುಳಿತು ಕನ್ನಡವನ್ನು ಕಲಿಯುತ್ತಾರೆ.

ಪಂಡಿತರು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯಾಲಂಕಾರಗಳನ್ನು ಓದಿ, ಬಳಿಕ ವಿದ್ವಾನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1967ರಲ್ಲಿ ಆ ಕಡೆಯ ಪ್ರೌಢಶಾಲೆಯೊಂದಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಚಲಚ್ಚಿತ್ರವೆಂದರೆ ಅವರಿಗೆ ತಾತ್ಸಾರವಿದ್ದಿತು. ನಾಟಕಕ್ಕೆ ಭರತನಿದ್ದಾನೆ, ಯಕ್ಷಗಾನಕ್ಕೆ ಪರಂಪರೆಯಿದೆ, ಬಿಳಿಯ ಬಟ್ಟೆಯ ಮೇಲೆ ಕುಣಿಯುವ ನೆರಳುಗಳಿಗೆ ಶಾಸ್ತ್ರವೆಲ್ಲಿಯದು ಎಂದು ಕೇಳುತ್ತಿದ್ದರು. ಈ ತಾತ್ಸಾರವನ್ನು ಮುರಿದವರು ಅವರ ಪತ್ನಿ. ಆಕೆ ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ಓದಿ ಕಣ್ಣೀರಿಟ್ಟಿದ್ದವರು. ಆ ಕಾದಂಬರಿಯು ಚಿತ್ರವಾಗಿ ಪುತ್ತೂರಿಗೆ ಬಂದಿದೆಯೆಂದು ತಿಳಿದಾಗ, “ಒಂದು ಸಲ ಕರೆದುಕೊಂಡು ಹೋಗಿ. ಮತ್ತೆ ಎಂದೂ ಕೇಳುವುದಿಲ್ಲ” ಎಂದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ದಂಪತಿಗಳು ಬಸ್ಸು ಹತ್ತಿ, ಉಪ್ಪಿನಂಗಡಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಪುತ್ತೂರನ್ನು ಸೇರಿದರು. ಆಕೆ ಆಡಿದ ಮಾತಿಗೆ ತಪ್ಪಲಿಲ್ಲ. ಇಂತಹ ಚಿತ್ರವು ಇನ್ನು ಯಾವಾಗ ಬರುವುದೆಂದು ಕೇಳಿದವರು ಪಂಡಿತರೇ.

ಆ ಚಿತ್ರದ ನಿರ್ದೇಶಕರು ಪುಟ್ಟಣ್ಣ ಕಣಗಾಲರು. ಮೈಸೂರು ಜಿಲ್ಲೆಯ ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿ, ಬಿ. ಆರ್. ಪಂತುಲು ಅವರ ಕೈಕೆಳಗೆ ಕೆಲಸವನ್ನು ಕಲಿತು, 1964ರಲ್ಲಿ ‘ಸ್ಕೂಲ್ ಮಾಸ್ಟರ್’ ಎಂಬ ಮಲಯಾಳ ಚಿತ್ರದಿಂದ ಸ್ವತಂತ್ರ ನಿರ್ದೇಶಕರಾದವರು. ಅದೇ ಕಥೆಯನ್ನು ಪಂತುಲು ಅವರು 1958ರಲ್ಲಿ ಕನ್ನಡದಲ್ಲಿ ತೆಗೆದಿದ್ದರು. ಉಪಾಧ್ಯಾಯನೊಬ್ಬನ ಕಥೆಯಿಂದ ಈ ನಿರ್ದೇಶಕರ ವೃತ್ತಿಯು ಆರಂಭವಾಯಿತೆಂಬುದು ಪಂಡಿತರಿಗೆ ಬಹಳ ಹಿಡಿಸಿದ ಸಂಗತಿ. ಕನ್ನಡದಲ್ಲಿ ಪುಟ್ಟಣ್ಣನವರ ಹೆಸರನ್ನು ನಿಲ್ಲಿಸಿದುದು 1967ರ ‘ಬೆಳ್ಳಿಮೋಡ’. ಅದು ತ್ರಿವೇಣಿಯವರ ಕಾದಂಬರಿ. 1963ರಲ್ಲಿಯೇ ತೀರಿಕೊಂಡ ಆ ಲೇಖಕಿಯು ತಮ್ಮ ಕಥೆಯನ್ನು ತೆರೆಯ ಮೇಲೆ ಕಾಣಲಿಲ್ಲ. ತ್ರಿವೇಣಿ, ಇಂದಿರಾ, ವಾಣಿ, ದೇವಕಿ ಮೂರ್ತಿ ಮುಂತಾದವರ ಕಾದಂಬರಿಗಳನ್ನು ಮನೆಮನೆಯ ಹೆಂಗಸರು ಓದುತ್ತಿದ್ದರು. ಪಂಡಿತರಂತಹವರು ಓದದೆಯೇ ಹಗುರವಾಗಿ ಕಾಣುತ್ತಿದ್ದರು. ಪುಟ್ಟಣ್ಣನವರು ಅವುಗಳನ್ನೇ ಆರಿಸಿಕೊಂಡರು. ಹೀಗಾಗಿ ಪಂಡಿತರು ಚಿತ್ರಗಳನ್ನು ನೋಡುವುದಕ್ಕಾಗಿ ಪತ್ನಿಯ ಪುಸ್ತಕಗಳನ್ನು ಓದಬೇಕಾಯಿತು.

1975ರ ಬೇಸಗೆಯ ರಜದಲ್ಲಿ ಅವರು ತಮ್ಮ ದಿನಚರಿಯ ಕೊನೆಯ ಹಾಳೆಯಲ್ಲಿ ಪಟ್ಟಿಯನ್ನು ಬರೆದರು. ಮೂರು ಅಂಕಣಗಳು: ಸ್ಥಾನ, ಚಿತ್ರ, ಕಾರಣ. ಮೊದಲನೆಯದು ‘ನಾಗರಹಾವು’, ಎರಡನೆಯದು ‘ಗೆಜ್ಜೆಪೂಜೆ’, ಮೂರನೆಯದು ‘ಶರಪಂಜರ’, ನಾಲ್ಕನೆಯದು ‘ಉಪಾಸನೆ’, ಐದನೆಯದು ‘ಬೆಳ್ಳಿಮೋಡ’. ‘ಗೆಜ್ಜೆಪೂಜೆ’ಯಲ್ಲಿ ಕುಲದ ಕಟ್ಟಿನಿಂದ ಬಿಡಿಸಿಕೊಳ್ಳಬೇಕೆಂದ ಹುಡುಗಿಯು ಆ ಕಟ್ಟಿಗೇ ಸಿಕ್ಕಿ ಪ್ರಾಣವನ್ನು ನೀಗುತ್ತಾಳೆ, ಅಲ್ಲಿ ಕರುಣರಸವು ಪೂರ್ಣವೆಂದು ಬರೆದರು. 1971ರ ‘ಶರಪಂಜರ’ದಲ್ಲಿ ಬುದ್ಧಿಭ್ರಮಣೆಯಿಂದ ಗುಣಹೊಂದಿ ಮನೆಗೆ ಬಂದವಳನ್ನು ಮನೆಯೂ ನೆರೆಯೂ ಹುಚ್ಚಿಯೆಂದೇ ಕಾಣುತ್ತವೆ. ರೋಗವು ವಾಸಿಯಾದರೂ ಊರಿನ ನೋಟವು ವಾಸಿಯಾಗದೆಂಬ ಮಾತು ಅಲ್ಲಿ ಧ್ವನಿತವಾಗಿದೆಯೆಂದು ಮೆಚ್ಚಿ, ಕಲ್ಪನಾ ಅವರ ಅಭಿನಯವು ಒಮ್ಮೊಮ್ಮೆ ಔಚಿತ್ಯವನ್ನು ಮೀರುವುದೆಂದು ಒಂದು ಮೆಟ್ಟಿಲು ಇಳಿಸಿದರು. ಸಂಗೀತವನ್ನೇ ಉಪಾಸನೆಯಾಗಿ ಹಿಡಿದ ಹುಡುಗಿಯ ಕಥೆಗೆ ನಾಲ್ಕನೆಯ ಸ್ಥಾನವು ದೊರೆಯಿತು. ಭಾರತೀಸುತರ ಕಾದಂಬರಿಯಿಂದ ಬಂದ ‘ಎಡಕಲ್ಲು ಗುಡ್ಡದ ಮೇಲೆ’ಯು ಪಟ್ಟಿಗೆ ಸೇರಲಿಲ್ಲ. ಗಂಡನಿಂದ ದೊರೆಯದ ಸುಖವನ್ನು ಬೇರೆಡೆಯಲ್ಲಿ ಬಯಸಿದ ಗೃಹಿಣಿಯ ಕಥೆಯನ್ನು ಮೆಚ್ಚಿದೆನೆಂದು ಬರೆದಿಡುವುದಕ್ಕೆ ಶಾಲೆಯ ಪಂಡಿತರಿಗೆ ಧೈರ್ಯವು ಸಾಲದಾಯಿತು.

‘ಬೆಳ್ಳಿಮೋಡ’ವು ಐದನೆಯದಾದುದಕ್ಕೆ ಕಾರಣವನ್ನು ಇಲ್ಲಿ ಹೇಳಬೇಕು. ಮಲೆನಾಡಿನ ಸಿರಿವಂತನ ಒಬ್ಬಳೇ ಮಗಳು ಇಂದಿರೆ. ಅವಳನ್ನು ವರಿಸಲಿರುವ ತರುಣನು ಅವಳ ತಂದೆಯ ಹಣದಿಂದ ವಿದೇಶಕ್ಕೆ ಹೋಗಿ ಓದುತ್ತಾನೆ. ಈ ನಡುವೆ ಅವಳಿಗೆ ತಮ್ಮನು ಹುಟ್ಟುತ್ತಾನೆ. ಆಸ್ತಿಯು ಕೈತಪ್ಪಿತೆಂದು ತರುಣನು ಮದುವೆಯನ್ನು ಒಲ್ಲೆನೆನ್ನುತ್ತಾನೆ. ಮುಂದೆ ಅವನು ಅಪಘಾತದಲ್ಲಿ ಬಿದ್ದಾಗ ಅವಳೇ ಶುಶ್ರೂಷೆ ಮಾಡುತ್ತಾಳೆ. ಪಶ್ಚಾತ್ತಾಪದಿಂದ ಅವನು ಮತ್ತೆ ಕೈಹಿಡಿಯಲು ಬಂದಾಗ ಅವಳು ಬೇಡವೆನ್ನುತ್ತಾಳೆ. ‘ಈ ನಿರಾಕರಣೆಯು ಶೃಂಗಾರಕ್ಕೂ ಸಲ್ಲದು, ಕರುಣಕ್ಕೂ ಸಲ್ಲದು, ರಸವು ನಡುವೆ ನಿಂತಿದೆ’ ಎಂದು ಪಂಡಿತರು ಬರೆದರು.

ಮೊದಲನೆಯ ಸ್ಥಾನದ ವಿಷಯದಲ್ಲಿ ಮಾತ್ರ ಅವರಿಗೆ ಯಾವ ಸಂಶಯವೂ ಇರಲಿಲ್ಲ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರವನ್ನು ಕಾಣದ ಕನ್ನಡಿಗರು ವಿರಳ. ಚಿತ್ರದುರ್ಗದ ಬಂಡೆಗಳ ನಡುವೆ ಬೆಳೆದ ರಾಮಾಚಾರಿಯು ಮನೆಗೆ ಬೇಡ, ಊರಿಗೆ ಬೇಡ. ಅವನ ಕೋಪವನ್ನು ತಡೆಯಬಲ್ಲವರು ಚಾಮಯ್ಯ ಮೇಷ್ಟ್ರು ಒಬ್ಬರೇ. ವಿಷ್ಣುವರ್ಧನರು ನಾಯಕರಾಗಿ ಬೆಳಕಿಗೆ ಬಂದುದು ಈ ಪಾತ್ರದಿಂದ. ಮೇಷ್ಟ್ರ ಪಾತ್ರದಲ್ಲಿ ಕೆ. ಎಸ್. ಅಶ್ವತ್ಥರು ಧೋತ್ರದ ಅಂಚನ್ನು ಹಿಡಿದು ನಡೆದು ಬಂದರೆ ನಾಡಿನ ಉಪಾಧ್ಯಾಯರೆಲ್ಲರೂ ತಾವೇ ಬಂದಂತೆ ಹಿಗ್ಗಿದರು. ಪಂಡಿತರೂ ಹಿಗ್ಗಿದರು. ಅವರು ಕಾರಣದ ಅಂಕಣದಲ್ಲಿ ಬರೆದುದು ಎರಡೇ ಪದ: ‘ಗುರುವಿನ ಮಹಿಮೆ.’

ಪಂಡಿತರಿಗೂ ಒಬ್ಬ ರಾಮಾಚಾರಿಯಿದ್ದನು. ಮುಂಗೋಪಿಯಲ್ಲ, ಮಿತಭಾಷಿ. ತಂದೆಯಿಲ್ಲದ ಹುಡುಗ. ತಾಯಿಯು ಬೇರೆಯವರ ತೋಟದ ಮನೆಯಲ್ಲಿ ಅಡಿಗೆ ಮಾಡಿ ಅವನನ್ನು ಸಾಕಿದ್ದಳು. ಅವನು ಸಂಜೆ ಪಂಡಿತರ ಮನೆಗೆ ಬಂದು ಓದಿ, ರಾತ್ರಿ ಅಲ್ಲಿಯೇ ಊಟಮಾಡಿ, ಚಾವಡಿಯಲ್ಲಿ ಮಲಗುತ್ತಿದ್ದನು. ಅವನ ತರಗತಿಯಲ್ಲಿಯೇ ಕ್ರೈಸ್ತ ಕೃಷಿಕರ ಮನೆಯ ಹುಡುಗಿಯೊಬ್ಬಳಿದ್ದಳು. ಮನೆಮಾತು ಮಲಯಾಳವಾದರೂ ಕನ್ನಡ ಪ್ರಬಂಧದಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿರಲಿಲ್ಲ. ಇವಳ ಪ್ರಬಂಧವನ್ನು ಓದಿ ತೋರಿಸಿ ಪಂಡಿತರು ತೋಟದ ಮನೆಗಳ ಮಕ್ಕಳನ್ನು ನಾಚಿಸುತ್ತಿದ್ದರು. ಇಬ್ಬರೂ ಅವರ ಶಿಷ್ಯರೇ.

1979ರಲ್ಲಿ ಆ ಹುಡುಗನು ಪುತ್ತೂರಿನಲ್ಲಿ ಪದವಿಯನ್ನು ಮುಗಿಸಿದ್ದನು. ಇವರಿಬ್ಬರೂ ಮದುವೆಯಾಗಲಿರುವರೆಂಬ ಸುದ್ದಿಯು ಅಂಗಡಿಯ ಜಗಲಿಗೆ ಬಂದಿತು. ಹುಡುಗನ ತಾಯಿಯು ಪಂಡಿತರ ಅಂಗಳದಲ್ಲಿ ನಿಂತು, “ನಿಮ್ಮ ಮಾತನ್ನು ಅವನು ಮೀರುವುದಿಲ್ಲ” ಎಂದು ಅತ್ತಳು. ಹುಡುಗಿಯ ತಂದೆಯು ಬಂದು ಕೈಮುಗಿದು, ಅದೇ ಮಾತನ್ನು ಹೇಳಿದನು. ಪಂಡಿತರು ಅಂದು ಸಂಜೆ ಶಿಷ್ಯನನ್ನು ಕರೆದು ಎದುರಿಗೆ ಕುಳ್ಳಿರಿಸಿಕೊಂಡರು. ಬಹಳ ಮಾತನಾಡಬೇಕಾಗಲಿಲ್ಲ. “ನಾನು ನಿನ್ನಿಂದ ಇದುವರೆಗೆ ಏನನ್ನೂ ಕೇಳಿದವನಲ್ಲ. ಇದೊಂದನ್ನು ಕೇಳುತ್ತೇನೆ, ಬಿಟ್ಟುಬಿಡು” ಎಂದರು. ಹುಡುಗನು ಸ್ವಲ್ಪ ಹೊತ್ತು ನೆಲವನ್ನು ನೋಡಿ, “ನೀವು ಹೇಳಿದ ಮೇಲೆ ಆಯಿತು, ಮಾಷ್ಟ್ರೇ” ಎಂದು ಎದ್ದು ನಮಸ್ಕರಿಸಿ ಹೋದನು. ಒಂದು ವಾರದೊಳಗೆ ಮುಂಬಯಿಯ ಬಸ್ಸು ಹತ್ತಿದನು. ಹುಡುಗಿಯು ದಾದಿಯ ಕೆಲಸವನ್ನು ಕಲಿಯಲು ಹೋಗಿ, ಮುಂದೆ ಹೊರದೇಶವನ್ನು ಸೇರಿದಳೆಂದು ತಿಳಿಯಿತು.

‘ನಾಗರಹಾವು’ ಚಿತ್ರದಲ್ಲಿ ನಡೆಯುವುದೂ ಇದೇ. ಅಲಮೇಲುವಿನ ಮನೆಯವರು ಒಪ್ಪದಿದ್ದಾಗ ಮೇಷ್ಟ್ರು ಶಿಷ್ಯನ ಭಕ್ತಿಯನ್ನೇ ಹಿಡಿದು ಅವನ ಪ್ರೀತಿಯನ್ನು ಬಿಡಿಸುತ್ತಾರೆ. ಮುಂದೆ ಅವಳು ಪಟ್ಟ ಪಾಡನ್ನು ಅವನು ಕಣ್ಣಾರೆ ಕಾಣುತ್ತಾನೆ. ಕ್ರೈಸ್ತಳಾದ ಮಾರ್ಗರೆಟ್ಟಳನ್ನು ಅವನು ಮೆಚ್ಚಿದಾಗ ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ. ಕೊನೆಗೆ ಬೆಟ್ಟದ ಮೇಲೆ ಮಾತಿಗೆ ಮಾತು ಬೆಳೆದು ಮೇಷ್ಟ್ರು ಬಿದ್ದು ಸಾಯುತ್ತಾರೆ. ಶಿಷ್ಯನೂ ಅವಳೂ ಅದೇ ಹಾದಿಯನ್ನು ಹಿಡಿಯುತ್ತಾರೆ. ಪಂಡಿತರು ಈ ಚಿತ್ರವನ್ನು ನಾಲ್ಕು ಸಲ ನೋಡಿದ್ದರು. ಆದರೂ ತಮ್ಮ ಚಾವಡಿಯಲ್ಲಿ ನಡೆದುದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಅವರಿಗೆ ತೋರಲಿಲ್ಲ. ಚಿತ್ರದಲ್ಲಿ ಬೆಟ್ಟದಿಂದ ಬೀಳುತ್ತಾರೆ. ಊರಿನಲ್ಲಿ ಯಾರೂ ಬೀಳುವುದಿಲ್ಲ. ಬಸ್ಸು ಹತ್ತಿ ಹೋಗುತ್ತಾರೆ. ತಮ್ಮಿಂದ ಎರಡು ಮನೆಗಳ ಮಾನವು ಉಳಿಯಿತೆಂದೇ ಅವರು ನಂಬಿದ್ದರು.

1983ರಲ್ಲಿ ತಾಯಿಯು ತೀರಿಕೊಂಡಾಗ ಶಿಷ್ಯನು ಊರಿಗೆ ಬಂದನು. ಉತ್ತರಕ್ರಿಯೆಗಳು ಮುಗಿದ ಮೇಲೆ ಪಂಡಿತರ ಮನೆಗೆ ಬಂದು, ಪಾದಗಳನ್ನು ಮುಟ್ಟಿ ನಮಸ್ಕರಿಸಿ, ಕೊಟ್ಟ ಕಾಫಿಯನ್ನು ಕುಡಿದು, ಕೇಳಿದ ಮಾತಿಗೆ ಉತ್ತರವನ್ನು ಕೊಟ್ಟು, ಹೊರಟುಹೋದನು. ಮದುವೆಯಾಗಿರಲಿಲ್ಲ. ನಮಸ್ಕಾರದಲ್ಲಿ ಕೊರತೆಯಿರಲಿಲ್ಲ, ಅದರ ಮೇಲೆ ಒಂದು ಮಾತು ಹೆಚ್ಚಿಗೆ ಇರಲಿಲ್ಲ. ಅವನು ಗೇಟು ದಾಟುವುದನ್ನು ನೋಡುತ್ತ ಪಂಡಿತರ ಪತ್ನಿಯು, “ಈ ಮನೆಯಲ್ಲಿ ಉಂಡು ಬೆಳೆದ ಹುಡುಗ ಇಂದು ನೆಂಟನಂತೆ ಕುಳಿತು ಎದ್ದ” ಎಂದರು.

1985ರ ಜೂನ್ 5ರಂದು ಪುಟ್ಟಣ್ಣನವರು ಕಾಲವಾದರು. ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಪಂಡಿತರು, ಹತ್ತು ವರ್ಷಗಳ ಹಿಂದಿನ ಪಟ್ಟಿಯನ್ನು ತಿದ್ದಿ ಬರೆಯಲು ಕುಳಿತರು. ರಂಗಭೂಮಿಯ ನಟಿಯೊಬ್ಬಳ ಬಾಳನ್ನು ಚಿತ್ರಿಸಿದ 1981ರ ‘ರಂಗನಾಯಕಿ’ಯು ಎರಡನೆಯದಾಗಿ ಬಂದಿತು. ‘ಗೆಜ್ಜೆಪೂಜೆ’ಯು ಮೊದಲಿಗೇರಿತು. ‘ನಾಗರಹಾವು’ ಐದನೆಯದಕ್ಕೆ ಇಳಿಯಿತು. ಮೂರು ಕಾದಂಬರಿಗಳನ್ನು ಒಂದರಲ್ಲಿ ತುರುಕಿದುದರಿಂದ ವಸ್ತುವಿಗೆ ಏಕತೆಯಿಲ್ಲವೆಂದೂ, ಮೂಲಕರ್ತರಿಗೇ ಚಿತ್ರವು ಹಿಡಿಸಲಿಲ್ಲವೆಂದೂ ಕಾರಣಗಳನ್ನು ಬರೆದರು. ಅವು ಸುಳ್ಳಲ್ಲ. ಆದರೆ 1975ರಲ್ಲಿಯೂ ಅವು ನಿಜವೇ ಆಗಿದ್ದುವು.

ಪತ್ನಿಯು ಪಟ್ಟಿಯನ್ನು ನೋಡಿದರು. “ಇದೇಕೆ ಕೆಳಗೆ ಬಂದಿತು? ಅಶ್ವತ್ಥರು ಈ ಹತ್ತು ವರ್ಷಗಳಲ್ಲಿ ಬೇರೆ ರೀತಿ ನಟಿಸಿದರೋ?” ಎಂದು ಕೇಳಿದರು. ಪಂಡಿತರು ವಸ್ತ್ವೈಕ್ಯದ ಮಾತನ್ನೆತ್ತಿದರು. ಆಕೆ ಸಾವಧಾನವಾಗಿ, “ಅಂದು ಸಂಜೆ ನಾನು ಬಾಗಿಲ ಮರೆಯಲ್ಲಿದ್ದೆ. ನೀವು ಗುರುದಕ್ಷಿಣೆಯನ್ನು ಕೇಳಿದಿರಿ. ದ್ರೋಣಾಚಾರ್ಯರು ಕೇಳಿದುದು ಬೆರಳನ್ನಾದರೂ ಹೌದು” ಎಂದರು. ಇಷ್ಟು ಹೇಳಿ ಒಳಗೆ ಹೋದರು. ಆ ಮಾತಿಗೆ ಪ್ರತ್ಯುತ್ತರವನ್ನು ಪಂಡಿತರು ಅಂದು ಕೊಡಲಿಲ್ಲ; ಮುಂದೆಯೂ ಕೊಡಲಿಲ್ಲ. ಆ ಚಿತ್ರವು ಟೆಲಿವಿಷನ್ನಿನಲ್ಲಿ ಬಂದಾಗಲೆಲ್ಲ ತೋಟದಲ್ಲಿ ಏನಾದರೂ ಕೆಲಸವಿದೆಯೆಂದು ಎದ್ದುಹೋಗುವುದು ಮಾತ್ರ ರೂಢಿಯಾಯಿತು. ಹೀಗೆ ಇಪ್ಪತ್ತನಾಲ್ಕು ವರ್ಷಗಳು ಕಳೆದುವು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನರು ಮೈಸೂರಿನಲ್ಲಿ ತೀರಿಕೊಂಡರು. ನಾಡಿನಲ್ಲೆಲ್ಲ ಆ ವಾರ ರಾಮಾಚಾರಿಯದೇ ಮಾತು. ಕೆಲಸದಿಂದ ನಿವೃತ್ತಿಯ ಸಮೀಪಕ್ಕೆ ಬಂದಿದ್ದ ಶಿಷ್ಯನು ರಜದಲ್ಲಿ ಊರಿಗೆ ಬಂದಿದ್ದವನು, ಹೊಸ ವರ್ಷದ ಮೊದಲ ದಿನಗಳಲ್ಲಿ ಪಂಡಿತರ ಮನೆಗೆ ಬಂದನು. ತಲೆಯು ಪೂರ್ತಿ ನರೆತಿದ್ದಿತು. ಚಾವಡಿಯಲ್ಲಿ ಟೆಲಿವಿಷನ್ ನಡೆಯುತ್ತಿದ್ದಿತು. ತೆರೆಯ ಮೇಲೆ ದುರ್ಗದ ಬಂಡೆಗಳು. ಪಂಡಿತರು ಏಳಲೆತ್ತಿಸಿದರು. ಎದುರಿಗೆ ಅವನು ಕುಳಿತಿರುವಾಗ ತೋಟದ ಕೆಲಸದ ನೆವವನ್ನು ಹೇಳುವುದಾಗಲಿಲ್ಲ. ಇಬ್ಬರೂ ಕೊನೆಯವರೆಗೆ ನೋಡಿದರು. ಮೇಷ್ಟ್ರು ಬೆಟ್ಟದಿಂದ ಬಿದ್ದಾಗ ಇಬ್ಬರೂ ಮಾತನಾಡಲಿಲ್ಲ.

ಮೌನವನ್ನು ಮುರಿಯುವುದಕ್ಕೆ ಪಂಡಿತರಿಗೆ ಹಳೆಯ ಪಟ್ಟಿಯು ನೆನಪಾಯಿತು. “ನೀನೂ ಪುಟ್ಟಣ್ಣನವರ ಚಿತ್ರಗಳನ್ನೆಲ್ಲ ನೋಡಿದವನಲ್ಲವೋ? ನಿನ್ನ ಲೆಕ್ಕದಲ್ಲಿ ಮೊದಲನೆಯದು ಯಾವುದು?” ಎಂದು ಕೇಳಿದರು.

“‘ಬೆಳ್ಳಿಮೋಡ’, ಮಾಷ್ಟ್ರೇ.”

“ಅದು ಮೊದಮೊದಲಿನ ಚಿತ್ರ. ಕೈ ಇನ್ನೂ ಪಳಗಿರಲಿಲ್ಲ. ಅದರಲ್ಲಿ ಏನು ಕಂಡೆ?”

ಅವನು ಸ್ವಲ್ಪ ತಡೆದು ಹೇಳಿದನು: “ಅದರಲ್ಲಿ ಬೇಡವೆನ್ನಬೇಕಾದವಳು ತಾನೇ ಬೇಡವೆನ್ನುತ್ತಾಳೆ. ಅವಳಿಗಾಗಿ ಬೇರೆ ಯಾರೂ ಹೇಳುವುದಿಲ್ಲ.”

ರಸವು ನಡುವೆ ನಿಂತಿದೆಯೆಂದು ಮೂವತ್ತೈದು ವರ್ಷಗಳ ಹಿಂದೆ ಬರೆದವರಿಗೆ ಆ ನಿರಾಕರಣೆಯ ಅರ್ಥವು ಆಗ ತಿಳಿಯಿತು. ಬಹಳ ಹೊತ್ತಿನ ಮೇಲೆ ಅವರು, “ಅಂದು ನಾನು ನಿನ್ನ ಮನಸ್ಸನ್ನು ಕೇಳಲಿಲ್ಲ. ಅವಳೂ ನನ್ನ ಶಿಷ್ಯೆಯೇ; ಅವಳನ್ನು ಕರೆಯಲೂ ಇಲ್ಲ” ಎಂದರು.

“ಕರೆಯಬೇಕಾದವನು ನಾನು, ಮಾಷ್ಟ್ರೇ” ಎಂದನು ಶಿಷ್ಯನು. “ನೀವು ಹೇಳಿದಿರೆಂಬುದು ನನಗೆ ಆಗ ಅನುಕೂಲವಾಯಿತು. ನಾನು ಅವಳ ಮುಖವನ್ನು ನೋಡಿ ಹೇಳಲಿಲ್ಲ. ಗುರುವಿನ ಮಾತು ಎಂದು ಒಂದು ಚೀಟಿಯನ್ನು ಬರೆದು ಕಳುಹಿಸಿ ಬಸ್ಸು ಹತ್ತಿದೆ. ನನ್ನ ಹೆದರಿಕೆಗೆ ಭಕ್ತಿಯೆಂದು ಹೆಸರಿಟ್ಟುಕೊಂಡೆ.”

ಒಳಗಿನಿಂದ ಪಂಡಿತರ ಪತ್ನಿಯು, “ಎಲೆ ಹಾಕಿದ್ದೇನೆ. ಇಬ್ಬರೂ ಬನ್ನಿ” ಎಂದು ಕರೆದರು. ಅಂದು ರಾತ್ರಿ ಅವನು ಚಾವಡಿಯಲ್ಲಿಯೇ ಮಲಗಿದನು.

ಕ್ಷಮೆಯನ್ನು ಯಾರು ಯಾರಿಂದ ಬೇಡಬೇಕಾಗಿದ್ದಿತೋ ಅವಳು ಆ ಮನೆಯಲ್ಲಿರಲಿಲ್ಲ. ಆಕೆಯ ವಿಳಾಸವೂ ಇಬ್ಬರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವಳ ಪಟ್ಟಿಯಲ್ಲಿ ಯಾವ ಚಿತ್ರವು ಮೊದಲನೆಯದೆಂಬುದನ್ನು ಕೇಳುವವರು ಇಲ್ಲ. ಆದುದರಿಂದ ಈ ಕಥೆಗೆ ಸುಖಾಂತವೆಂಬ ಹೆಸರು ಒಪ್ಪುವುದಿಲ್ಲ. ಮರುದಿನ ಪಂಡಿತರು ದಿನಚರಿಯನ್ನು ತೆಗೆದು ಮೂರನೆಯ ಸಲ ಪಟ್ಟಿಯನ್ನು ಬರೆದರು. ‘ಬೆಳ್ಳಿಮೋಡ’ಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟರು. ‘ನಾಗರಹಾವು’ ಮತ್ತೆ ಮೊದಲಿಗೆ ಬಂದಿತು. ಕಾರಣದ ಅಂಕಣದಲ್ಲಿ ಈ ಸಲವೂ ಎರಡೇ ಪದಗಳಿದ್ದುವು: ‘ಗುರುವಿನ ದೋಷ.’

ಚಾಮಯ್ಯ ಮೇಷ್ಟ್ರನ್ನು ಕಂಡು ನಾಡಿನ ಉಪಾಧ್ಯಾಯರೆಲ್ಲರೂ ಹೆಮ್ಮೆಪಟ್ಟರು. ನಿರ್ದೇಶಕರು ಅವರನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿ, ಅಷ್ಟೇ ಸ್ಪಷ್ಟವಾಗಿ ಅವರ ತಪ್ಪನ್ನೂ ತೋರಿಸಿದ್ದರು. ಒಂದನ್ನು ಕಂಡವರಿಗೆ ಇನ್ನೊಂದು ಕಾಣದೆ ಹೋದುದು ಚಿತ್ರದ ಕುಂದಲ್ಲ. ಕೃತಿಯು ನಮ್ಮನ್ನು ಹೊಗಳಿತೆಂದು ತಿಳಿದು ಅದಕ್ಕೆ ಅಗ್ರಪೀಠವನ್ನು ಕೊಡುವುದು ಸುಲಭ. ಅದು ನಮ್ಮಿಂದ ಲೆಕ್ಕ ಕೇಳುತ್ತಿದೆಯೆಂದು ತಿಳಿದ ಮೇಲೆಯೂ ಅದೇ ಪೀಠದಲ್ಲಿ ಕೂರಿಸುವುದಕ್ಕೆ ಪಂಡಿತರಿಗೆ ಮೂವತ್ತೈದು ವರ್ಷಗಳು ಬೇಕಾದುವು.

ವಿಷ್ಣುವರ್ಧನರು ತೀರಿಕೊಂಡು ಇಪ್ಪತ್ತು ದಿನಗಳು ತುಂಬುವ ಮೊದಲೇ, 2010ರ ಜನವರಿ 18ರಂದು ಕೆ. ಎಸ್. ಅಶ್ವತ್ಥರೂ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ಶಿಷ್ಯನ ಹಿಂದೆಯೇ ಮೇಷ್ಟ್ರೂ ಹೋದರೆಂದು ಜನರು ಆಡಿಕೊಂಡರು. ಅಂದು ರಾತ್ರಿ ನೆಲ್ಯಾಡಿಯ ಆ ಮನೆಗೆ ಮುಂಬಯಿಯಿಂದ ದೂರವಾಣಿಯ ಕರೆಯು ಬಂದಿತು.

“ಏನಿಲ್ಲ, ಮಾಷ್ಟ್ರೇ. ಸುದ್ದಿ ಕೇಳಿದೆ. ನೀವು ಹೇಗಿದ್ದೀರಿ ಎಂದು ತಿಳಿಯೋಣವೆನಿಸಿತು” ಎಂದನು ಶಿಷ್ಯನು.

“ಇದ್ದೇನಪ್ಪ” ಎಂದರು ಪಂಡಿತರು. “ಬೇಸಗೆಗೆ ಬಾ. ಹಲಸಿನ ಮರ ಈ ವರ್ಷ ಚೆನ್ನಾಗಿ ಬಿಟ್ಟಿದೆ.”